ಎಲೆಯಡಿಕೆ ಹೊತ್ತಿನ ದಾರಿ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಊರು ಬೆಂಡೇಪಟ್ಟಣ, ರಾಜ ಜಂಬಣ್ಣರಾಯ. ಆ ಊರನ್ನು ನೀವು ನೋಡಿಲ್ಲ, ನಾನೂ ನೋಡಿಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ರಾಜನ ಮಗಳು ಕೆಂಪಾಜಿಯನ್ನು ಹೀರೇಪಟ್ಟಣಕ್ಕೆ ಕೊಟ್ಟಿತ್ತು. ಅಲ್ಲಿಗೆ ಹನ್ನೆರಡು ಹರದಾರಿ. ನಡೆದರೆ ಮೂರು ದಿನ. ಒಂದು ಬೆಳಿಗ್ಗೆ ಓಲೆ ಬಂತು, ಕೆಂಪಾಜಿಗೆ ಹೆಣ್ಣುಮಗು. ಆ ವಂಶದಲ್ಲಿ ತಾಯಿಯ ಅಪ್ಪನೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಅವನು ಹೇಳದಿದ್ದರೆ ಮಗುವಿಗೆ ಹೆಸರೇ ಇಲ್ಲ.

ರಾಜನ ಹತ್ತಿರ ಹಲಸಿನ ಮರದ ಮಂಚವೊಂದಿತ್ತು. ಅದು ಹಾರುತ್ತಿತ್ತು, ಮಾತೂ ಆಡುತ್ತಿತ್ತು. "ಹೀರೇಪಟ್ಟಣಕ್ಕೆ ಎಷ್ಟು ಹೊತ್ತು?" ಎಂದು ರಾಜ ಕೇಳಿದ.

"ಒಂದು ಎಲೆಯಡಿಕೆ ಜಗಿಯೋ ಹೊತ್ತು, ಬುದ್ಧಿ."

"ಏನೂಂದ್ರೆ, ನಡೆದೇ ಹೋಗೋಣ. ನಾಮಕರಣಕ್ಕೆ ಇನ್ನೂ ಹನ್ನೊಂದು ದಿನ ಇದೆ," ಎಂದಳು ರಾಣಿ ನಿಂಗಾಜಮ್ಮ.

"ಎಲೆಯಡಿಕೆ ಹೊತ್ತಿನ ದಾರಿಗೆ ಮೂರು ದಿನ ಕಾಲು ಸವೆಸೋಕೆ ನನಗೇನು ಹುಚ್ಚೇ?" ಎಂದ ರಾಜ.

ಮಂಚ ಹತ್ತಿ ಕೂತ. ಎಲೆಗೆ ಸುಣ್ಣ ಹಚ್ಚಿದ. ಮಂಚ ಕೇಳಿತು, "ಎಲ್ಲಿಗೆ, ಬುದ್ಧಿ?"

ಹೊರಟವರನ್ನು ಎಲ್ಲಿಗೆ ಎಂದು ಕೇಳಬಹುದೇ? ಹೋದ ಕೆಲಸ ಕೆಡುತ್ತದೆ. ಕೇಳಿಬಿಟ್ಟರೆ ಇಳಿಯಬೇಕು, ಒಳಗೆ ಹೋಗಿ ಕೂರಬೇಕು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ರಾಜ ಇಳಿದ, ಕೂತ, ಕುಡಿದ, ಹತ್ತಿದ.

"ಎಲ್ಲಿಗೆ, ಬುದ್ಧಿ?"

ಮಂಚದ್ದೇನೂ ತಪ್ಪಿಲ್ಲ. ಕೇಳದೆ ಹಾರಬಾರದೆಂದು ಅದನ್ನು ಮಾಡಿದ ಬಡಗಿ ಆಣೆ ಹಾಕಿಸಿಕೊಂಡಿದ್ದ. ರಾಜ ಇಳಿದ, ಕೂತ, ಕುಡಿದ, ಹತ್ತಿದ. ನಾಮಕರಣದ ದಿನ ಬಂತು, ಹೋಯಿತು. ಅರಮನೆಯ ಬಾವಿ ಅರ್ಧಕ್ಕಿಳಿಯಿತು.

ರಾಣಿ ಮಂಚವನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದಳು. "ಹೊರಟೋರನ್ನ ಎಲ್ಲಿಗೆ ಅಂತ ಕೇಳಬಾರದಪ್ಪ. ದೂರ ಹೊರಟ್ರಾ ಅಂತ ಕೇಳಬೇಕು."

ಮಂಚ ಕಲಿಯಿತು. "ದೂರ ಹೊರಟ್ರಾ, ಬುದ್ಧಿ?"

ಹಾಗೆ ಕೇಳಿದರೆ ಮರ್ಯಾದಸ್ಥರು ಏನು ಹೇಳುತ್ತಾರೆ? ಕಾಶಿಗೆ ಹೊರಟಿದ್ದರೂ ಇಲ್ಲೇ ಎನ್ನುತ್ತಾರೆ. ರಾಜನೂ ಮರ್ಯಾದಸ್ಥ. "ಇಲ್ಲೇ, ಸ್ವಲ್ಪ," ಎಂದ.

"ಹಾಗಾದ್ರೆ ಬಂದೇಬಿಟ್ವಲ್ಲ, ಇಳೀರಿ," ಎಂದಿತು ಮಂಚ.

ಹೀಗೇ ವರ್ಷ ಉರುಳಿತು. ಹೀರೇಪಟ್ಟಣದಲ್ಲಿ ಮಗುವನ್ನು ಎಲ್ಲರೂ "ಏ, ಇವಳೇ" ಎಂದು ಕರೆಯುತ್ತಾರೆಂದು ಸುದ್ದಿ ಬಂತು. ರಾಜ ಅವತ್ತು ನಾಲ್ಕು ಸಲ ಹೆಚ್ಚಿಗೆ ಮಂಚ ಹತ್ತಿದ. ಆದರೂ ನಡೆಯಲೊಲ್ಲ. ಈಗ ನಡೆದರೆ ಇಷ್ಟು ದಿನ ಕುಡಿದ ನೀರೆಲ್ಲ ದಂಡವಲ್ಲವೇ?

"ನಿಮ್ಮ ಎಲೆಯಡಿಕೆ ಇನ್ನೂ ಮುಗೀಲಿಲ್ವೇ?" ಎಂದು ರಾಣಿ ದಿನಾ ಕೇಳುತ್ತಿದ್ದಳು.

ಐದನೆಯ ವರ್ಷ ಒಂದು ದಿನ ಕೆಂಪಾಜಿ ಬಾಗಿಲಲ್ಲಿ ನಿಂತಿದ್ದಳು. ಕೈಹಿಡಿದು ಒಂದು ಪುಟ್ಟ ಹುಡುಗಿ. ಇಬ್ಬರ ಕಾಲಿಗೂ ಮೊಣಕಾಲವರೆಗೆ ಧೂಳು. ರಾಜ ಎಂದಿನಂತೆ ಎಲೆ ಹಿಡಿದು ಮಂಚದ ಮೇಲೆ ಕೂತಿದ್ದ.

"ತಾತ, ಎಲ್ಲಿಗೆ ಹೊರಟಿದ್ದೀಯ?" ಎಂದಳು ಹುಡುಗಿ.

ಶಾಸ್ತ್ರ ಅಂದರೆ ಶಾಸ್ತ್ರ. ರಾಜ ಇಳಿದ. ಒಳಗೆ ಹೋಗಿ ಕೂತ. ಹುಡುಗಿಯೇ ನೀರು ತಂದುಕೊಟ್ಟಳು, ಕುಡಿದ. ಈ ಸಲ ಮಂಚ ಹತ್ತಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೆಸರು ಹೇಳಿದ. ಏನು ಹೆಸರು ಎಂದು ನನ್ನನ್ನು ಕೇಳಬೇಡಿ. ಅದು ಕಿವಿಯಲ್ಲಿ ಹೇಳಿದ್ದು.

ಇದರ ನೀತಿ ಇಷ್ಟೇ. ಬೆಂಡೇಪಟ್ಟಣದಿಂದ ಹೀರೇಪಟ್ಟಣಕ್ಕೆ ನಡೆದರೆ ಮೂರು ದಿನ, ಹಾರಿದರೆ ಐದು ವರ್ಷ. ಮಂಚ ಅಲ್ಲೇ ಇದೆ, ನಾನು ಇಲ್ಲೇ ಇದ್ದೇನೆ. ನೀವೇನು, ಆಗಲೇ ಎದ್ದಿರಾ? ದೂರ ಹೊರಟ್ರಾ?