ನೇಕಾರನ ನಾಲಗೆ

"ಅಜ್ಜಾರ, ಕೇಳವ್ರಿಗೆ ತೃಪ್ತಿ ಆಗೇತೋ ಇಲ್ಲೋ ಅಂತ ತಿಳಕೊಳ್ಳೂದು ಹೆಂಗ್ರಿ?" ಎಂದು ರೇವಯ್ಯ ತನ್ನ ಗುರುವನ್ನು ಕೇಳಿದ.

ಮಠದಲ್ಲಿ ಸಂಜೆಯ ಪ್ರವಚನ ಹೇಳುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿ ಒಂದು ವರ್ಷವಾಗಿತ್ತು. ಮೊದಮೊದಲು ಅವನು ದಿನವೂ ಬೆಳಿಗ್ಗೆಯಿಂದ ಗ್ರಂಥಗಳ ಮುಂದೆ ಕೂತು, ಓದಿ, ಯೋಚಿಸಿ, ಆಮೇಲೆ ಹೇಳುತ್ತಿದ್ದ. ಈಚೆಗೆ ಎರಡು ತಿಂಗಳಿಂದ ಓದುವುದನ್ನು ಬಿಟ್ಟಿದ್ದ. ಹಳೆಯ ನಾಲ್ಕು ಮಾತು, ಅಲ್ಲಿ ಇಲ್ಲಿ ಕೇಳಿದ ಎರಡು ನಗೆಯ ಪ್ರಸಂಗ, ಇಷ್ಟರಲ್ಲೇ ತಾಸು ಕಳೆಯುತ್ತಿದ್ದ. ಇದನ್ನು ಅವನು ಗುರುಗಳಿಂದ ಮುಚ್ಚಿಡಲಿಲ್ಲ. ಬರುವ ಮಂದಿಯಲ್ಲಿ ಒಬ್ಬರೂ ಕಡಿಮೆಯಾಗಿಲ್ಲ, ಏಳುವಾಗ ಎಲ್ಲರೂ ಚೆನ್ನಾಗಿತ್ತು ಎಂದೇ ಹೇಳಿ ಹೋಗುತ್ತಾರೆ. ಹಾಗಾದರೆ ಮೊದಲು ಪಟ್ಟ ಶ್ರಮವೆಲ್ಲ ಬೇಕಿರಲೇ ಇಲ್ಲವಲ್ಲ ಎಂಬುದು ಅವನ ವಾದ.

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದು ಊರಲ್ಲಿ ಒಬ್ಬ ಖಾನಾವಳಿಯವನಿದ್ದ. ನೇಕಾರರ ಓಣಿಯ ತುದಿಗೆ ಅವನ ಖಾನಾವಳಿ. ಅಲ್ಲಿನ ರೊಟ್ಟಿ, ಬೇಳೆ, ಮಜ್ಜಿಗೆ ಎಲ್ಲ ಕಡೆ ಸಿಗುವಂಥವೇ. ಅವನಿಗೆ ಹೆಸರು ತಂದದ್ದು ಬದನೆಕಾಯಿ ಎಣ್ಣೆಗಾಯಿ ಪಲ್ಯ. ಆ ಪಲ್ಯದ ಜೀವವೆಲ್ಲ ಗುರೆಳ್ಳಿನ ಪುಡಿಯಲ್ಲಿತ್ತು. ಗುರೆಳ್ಳು ಕಪ್ಪು ಕಾಳು, ಬಹಳ ಸಣ್ಣದು. ಅದರಲ್ಲಿ ಕಲ್ಲು ಆರಿಸಬೇಕಾದರೆ ಕಣ್ಣು ಸೋಲುತ್ತದೆ. ಹುರಿಯುವಾಗ ಸ್ವಲ್ಪ ಮೈಮರೆತರೂ ಸೀದು ಕಹಿಯಾಗುತ್ತದೆ. ಆಮೇಲೆ ಬಿಸಿ ಆರುವ ಮೊದಲೇ ಕುಟ್ಟಬೇಕು. ದಿನವೂ ಎರಡು ತಾಸಿನ ಕೆಲಸ. ಹನ್ನೆರಡು ವರ್ಷ ಅವನು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟಿರಲಿಲ್ಲ.

ಹೆಸರು ಬಂದ ಮೇಲೆ ಮೈಗಳ್ಳತನವೂ ಬಂತು. ಒಂದು ದಿನ ಅವನು ಗುರೆಳ್ಳನ್ನು ಕೈಬಿಟ್ಟು, ಅಂಗಡಿಯಿಂದ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಹಿಟ್ಟು ತಂದು ಹಾಕಿದ. ಪಲ್ಯ ಗಟ್ಟಿಯೇನೋ ಆಯಿತು, ಆದರೆ ಬಣ್ಣ ಬಿಳಿಚಿಕೊಂಡಿತು. ಅದಕ್ಕೂ ಅವನ ಹತ್ತಿರ ಉಪಾಯವಿತ್ತು. ಒಣಕೊಬ್ಬರಿಯನ್ನು ಕರ್ರಗೆ ಸುಟ್ಟು, ಅರೆದು ಬೆರೆಸಿದ. ತಾನು ಮಾಡುತ್ತಿರುವುದು ಏನೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನು ಬಣ್ಣ ಹೊಂದಿಸುವ ಗೋಜಿಗೆ ಹೋಗುವುದಿಲ್ಲ. ಈಗ ಪಲ್ಯ ನೋಡುವುದಕ್ಕೆ ಮೊದಲಿನ ಹಾಗೆಯೇ ಇತ್ತು.

ಹೆಂಡತಿ ರುಚಿ ನೋಡಿ ಮುಖ ಕಿವುಚಿದಳು. ಅವನು, ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ, ಉಣ್ಣುವವರನ್ನೇ ಕೇಳೋಣ ಎಂದ. ಮಾತೇನೋ ನ್ಯಾಯವಾಗಿತ್ತು. ಅಂದಿನಿಂದ ಕೈ ತೊಳೆಯುವ ಕಡೆ ಹೋಗಿ ನಿಂತು, "ಊಟ ಹೆಂಗಾತ್ರಿ?" ಎಂದು ಒಬ್ಬೊಬ್ಬರನ್ನೂ ಕೇಳತೊಡಗಿದ. "ಭೇಷ್ ಆತ್ರಿ" ಎಂದರು ಎಲ್ಲರೂ. ಬೇರೆ ಮಾತು ಯಾರ ಬಾಯಿಂದಲೂ ಬರಲಿಲ್ಲ. ಎದ್ದು ಹೋದವರ ತಾಟುಗಳನ್ನು ನೋಡಿದ. ಪಲ್ಯದ ಕಲೆಯೂ ಉಳಿದಿರಲಿಲ್ಲ. ಅವನ ಎದೆ ಉಬ್ಬಿತು.

ಆ ಸೀಮೆಯ ಮಂದಿ ಉಂಡ ಅನ್ನವನ್ನು ಹಳಿಯುವುದಿಲ್ಲ. ತಾಟಿನಲ್ಲಿ ಏನನ್ನೂ ಬಿಡುವುದಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದೇ ಏಳುತ್ತಾರೆ. ಹಸಿ ಹಾಗಲಕಾಯಿ ಬಡಿಸಿದ್ದರೂ ಆ ತಾಟುಗಳು ಹಾಗೆಯೇ ಬೆಳಗುತ್ತಿದ್ದವು. ಖಾನಾವಳಿಯವನೇನು ಪರದೇಶದಿಂದ ಬಂದವನಲ್ಲ. ಅವನೂ ತಾಟು ತೊಳೆದು ಕುಡಿಯುವವನೇ. ಚಿಕ್ಕವನಿದ್ದಾಗ, ರೊಟ್ಟಿ ಸೀದಿದೆ ಎಂದದ್ದಕ್ಕೆ ಅವ್ವನಿಂದ ಬೆನ್ನಿಗೆ ಗುದ್ದು ತಿಂದವನು. ಆದರೆ ಬೇಕಾದ ಉತ್ತರ ಸಿಕ್ಕವನಿಗೆ ಇಂಥದ್ದೆಲ್ಲ ಎಲ್ಲಿ ನೆನಪಾಗುತ್ತದೆ? ಅವನು ಕೇಳುತ್ತಲೇ ಹೋದ, ಅವರು ಭೇಷ್ ಎನ್ನುತ್ತಲೇ ಹೋದರು.

ಒಮ್ಮೆ ಹೆಂಡತಿ ಇನ್ನೊಂದು ವಿಷಯ ಎತ್ತಿದಳು. ಮೊದಲು ಪಂಕ್ತಿಯ ನಡುವೆ ಇನ್ನಷ್ಟು ಪಲ್ಯ ತನ್ನಿ ಎಂದು ಕೂಗುವವರಿಗೆ ಕೊರತೆ ಇರಲಿಲ್ಲ. ಈಗ ಕೂಗುವವರೇ ಇಲ್ಲ, ಬೋಗುಣಿಯಲ್ಲಿ ಪಲ್ಯ ಉಳಿಯುತ್ತಿದೆ ಎಂದಳು. ಅವನು ನಕ್ಕುಬಿಟ್ಟ. ಪುಟಾಣಿ ಹಿಟ್ಟಿಗೆ ಕಸುವು ಹೆಚ್ಚು, ಮೊದಲ ಸುತ್ತಿಗೇ ಹೊಟ್ಟೆ ತುಂಬುತ್ತಿದೆ ಎಂದ.

ಅಲ್ಲಿ ಎರಡು ಹೊತ್ತೂ ಉಣ್ಣುವ ಒಬ್ಬ ನೇಕಾರನಿದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳನ್ನು ದೂರದ ಊರಿಗೆ ಕೊಟ್ಟಿದ್ದ. ಖಾನಾವಳಿ ತೆರೆದ ದಿನದಿಂದಲೂ ಅವನು ಅಲ್ಲಿಯೇ ಉಣ್ಣುತ್ತ ಬಂದವನು. ಒಂದು ಮಧ್ಯಾಹ್ನ ಅವನು ತನ್ನ ಅಳಿಯನನ್ನು ಕರೆದುಕೊಂಡು ಬಂದ. ಮದುವೆಯಾದ ಮೇಲೆ ಅಳಿಯ ಮಾವನ ಊರಿಗೆ ಬಂದದ್ದು ಅದೇ ಮೊದಲು. ಮನೆಯಲ್ಲಿ ಮಾಡಿಹಾಕುವವರಿಲ್ಲ. ಅಳಿಯನಿಗೆ ಉಣಿಸಬಹುದಾದ ದೊಡ್ಡ ಊಟವೆಂದರೆ ಅವನ ಪಾಲಿಗೆ ಈ ಪಲ್ಯವೇ. ಮದುವೆಯ ಮಾತುಕತೆಯ ದಿನದಿಂದಲೂ ಬೀಗರ ಮುಂದೆ ಇದರ ಗುಣಗಾನ ಮಾಡುತ್ತ ಬಂದಿದ್ದ.

ಖಾನಾವಳಿಯವನು ತಾನೇ ಬಡಿಸಿ ಒಳಗೆ ಹೋದ. ಹೋದವನು ಹೊಗಳಿಕೆ ಕಿವಿಗೆ ಬೀಳಲಿ ಎಂದು ಅಡಿಗೆಮನೆಯ ಬಾಗಿಲ ಮರೆಗೆ ನಿಂತ.

ಅಳಿಯ ಎರಡು ತುತ್ತು ಉಂಡು ಮೆಲ್ಲಗೆ ಕೇಳಿದ: "ಮಾವಾರ, ನೀವು ಹೇಳತಿದ್ದ ಪಲ್ಯೆ ಇದ ಏನ್ರಿ?"

"ಸಣ್ಣಗ ಮಾತಾಡ್ರಿ ಅಳಿಯಂದ್ರ, ಅವರು ಕೇಳ್ಯಾರು," ಎಂದ ನೇಕಾರ. "ಪಲ್ಯೆ ಅದ ಐತ್ರಿ, ಅದೇನೂ ಬದಲಾಗಿಲ್ಲ. ಕೆಟ್ಟದ್ದು ನನ್ನ ನಾಲಗಿ. ತಿಂಗಳಾತು, ರುಚೀನ ಹತ್ತವಲ್ದು. ವಯಸ್ಸಾದ ಮ್ಯಾಲೆ ಭಾಳ ಇಷ್ಟದ್ದರ ರುಚಿ ಮೊದಲ ಹೋಗತೈತೋ ಏನೋ. ವೈದ್ಯರ ಕಡೆ ಕಷಾಯ ತಗೊಂಡು ಕುಡಿಯಾಕತ್ತೀನಿ. ನೀವು ಬಿಸಲಾಗ ಬಂದು ದಣದೀರಿ, ಅದಕ್ಕ ನಿಮಗೂ ಬಾಯಿ ಸಪ್ಪಗಾಗಿರಬೇಕು. ಉಣ್ರಿ."

ಬಾಗಿಲ ಮರೆಯಲ್ಲಿ ನಿಂತವನ ಕಿವಿ ಬಿಸಿಯಾಯಿತು. ಆ ನೇಕಾರ ಬೈದಿದ್ದರೆ ಚೆನ್ನಾಗಿತ್ತು. ತಾಟು ನೂಕಿ ಎದ್ದು ಹೋಗಿದ್ದರೆ ಇನ್ನೂ ಚೆನ್ನಾಗಿತ್ತು. ಆಗ ತಾನೂ ಜಗಳವಾಡಬಹುದಿತ್ತು, ಸುಳ್ಳು ಹೇಳಬಹುದಿತ್ತು. ನೇಕಾರ ಹಾಗೆ ಮಾಡದೆ, ಖಾನಾವಳಿಯವನ ತಪ್ಪನ್ನು ತನ್ನ ನಾಲಗೆಯ ಮೇಲೆ ಹಾಕಿಕೊಂಡು, ಅದಕ್ಕೆ ಔಷಧವನ್ನೂ ಕುಡಿಯುತ್ತಿದ್ದ. ಖಾನಾವಳಿಯವನಿಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ, ಮಜ್ಜಿಗೆ ಬಡಿಸಲು ಹೆಂಡತಿಯನ್ನು ಕಳಿಸೋಣ ಎಂದುಕೊಂಡ. ಅವಳ ಮುಖ ನೋಡುವುದೂ ಆಗದೆ ತಾನೇ ಹೋದ. ನೇಕಾರ ತಲೆಯೆತ್ತಿ, ಯಾರೂ ಕೇಳದಿದ್ದರೂ, ಅಳಿಯನಿಗೆ ಕೇಳಿಸುವಂತೆ ದೊಡ್ಡ ದನಿಯಲ್ಲಿ "ಭೇಷ್ ಆಗೇತ್ರಿ" ಎಂದ. ತಾಟಿಗೆ ನೀರು ಹಾಕಿ ತೊಳೆದು, ಕುಡಿದು ಎದ್ದ. ಅಂದು ಖಾನಾವಳಿಯವನು ಕೈ ತೊಳೆಯುವ ಕಡೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಗುರೆಳ್ಳು ಹರವಿಕೊಂಡು ಕೂತ. ಕೈ ತಪ್ಪಿಹೋಗಿತ್ತು. ಮೊದಲು ಹುರಿದದ್ದು ಸೀದುಹೋಯಿತು, ಅದನ್ನು ಚೆಲ್ಲಿ ಮತ್ತೆ ಹುರಿದ. ಮಧ್ಯಾಹ್ನ ನೇಕಾರ ಒಬ್ಬನೇ ಬಂದ. ಅಳಿಯ ಬೆಳಗಿನ ಬಂಡಿಗೇ ಊರಿಗೆ ಹೋಗಿದ್ದ.

ನೇಕಾರ ಒಂದು ತುತ್ತು ಬಾಯಿಗಿಟ್ಟು ಹಾಗೆಯೇ ಕೂತ. ಇನ್ನೊಂದು ತುತ್ತು ಉಂಡ. ಅವನ ಕಣ್ಣಲ್ಲಿ ನೀರು ಬಂತು. "ಬಂತ್ರಿ! ನನ್ನ ನಾಲಗಿ ತಿರುಗಿ ಬಂತ್ರಿ! ವೈದ್ಯರ ಕೈಗುಣ ದೊಡ್ಡದು!" ಎಂದು ಪಂಕ್ತಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದ. ಆಮೇಲೆ ದನಿ ತಗ್ಗಿಸಿ, "ಒಂದು ದಿನ ಮೊದಲ ಬಂದಿದ್ದರ ಅಳಿಯನ ಮುಂದ ನನ್ನ ಮಾತು ಉಳೀತಿತ್ತು," ಎಂದ. ಅದೂ ತನ್ನ ನಾಲಗೆಯದೇ ತಪ್ಪು ಎಂಬಂತೆ ಹೇಳಿದ.

ಖಾನಾವಳಿಯವನು ಸೌಟು ಹಿಡಿದು ಎದುರಿಗೇ ನಿಂತಿದ್ದ. ನಿಜ ಹೇಳಬೇಕೆಂದು ಬಾಯಿ ತೆರೆದ. ನೇಕಾರ ತಾಟು ಮುಂದೆ ಮಾಡಿ ಇನ್ನಷ್ಟು ಪಲ್ಯ ಕೇಳಿದ. ಇವನು ಬಡಿಸಿದ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ರೇವಯ್ಯ ನೆಲ ನೋಡುತ್ತ, "ಆಮ್ಯಾಲರೆ ಅಂವ ನೇಕಾರನ ಮುಂದ ಖರೇ ಹೇಳಿದನೇನ್ರಿ?" ಎಂದು ಕೇಳಿದ.

"ಅದನ್ನ ಅತ್ಲಾಗ ಬಿಡು ರೇವಯ್ಯ, ದಿನಾ ನಿನ್ನ ಪ್ರವಚನಕ್ಕ ಬರೂ ಮುದುಕಿ ನಿನ್ನೆ ನನ್ನ ಕಡೆ ಬಂದು, ‘ಎರಡು ತಿಂಗಳಾತು ಅಜ್ಜಾರ, ಶಿವನ ಮಾತು ನನ್ನ ಎದಿಗೆ ಇಳೀವಲ್ದು, ನನ್ನ ಭಕ್ತೀನ ಬತ್ತಿ ಹೋತೋ ಏನೋ’ ಅಂತ ಅತ್ತು ಹೋದಳು," ಎಂದರು ಗುರುಗಳು.