ಕಂಡಕ್ಟರ್ ಕೊಟ್ರಪ್ಪ ಸಾಯೋದು ಕಲಿತದ್ದು

ಹೊಳೆ ದಂಡೆಯ ಮೇಲೆ ಒಂದು ತಗಡಿನ ಮನೆ. ಮುಂದೆ ಬೇವಿನ ಮರ, ಒಳಗೆ ಸಾಲಾಗಿ ಕಂಪ್ಯೂಟರು. ಹಳೇ ಕಾಲದ ಆಶ್ರಮಗಳಲ್ಲಿ ಬಿಲ್ಲು ಬಾಣ ಕಲಿಸ್ತಿದ್ದರಂತೆ. ಇಲ್ಲಿ ನೀಲಕ್ಕ ಬಂದೂಕಿನ ಆಟ ಕಲಿಸ್ತಿದ್ದಳು.

ಬಂದೂಕು ಅಂದ ಕೂಡಲೇ ಹೆದರಬೇಡಿ. ಪರದೆ ಮೇಲಿನ ಬಂದೂಕು ಅದು. ಯಾರ ಮೈಯಿಂದಲೂ ರಕ್ತ ಬರಲ್ಲ.

ನೀಲಕ್ಕನ ತಲೆ ಪೂರ್ತಿ ನರೆತಿತ್ತು. ವಯಸ್ಸಿದ್ದಾಗ ತಾಲ್ಲೂಕಿಗೇ ಹೆಸರಾದ ಖೋ ಖೋ ಆಟಗಾರ್ತಿ. ಮಂಡಿ ಸೋತ ಮೇಲೆ ಕೂತು ಆಡೋ ಆಟ ಹಿಡಿದಳು. ಎಲ್ಲೆಲ್ಲಿಯದೋ ಹುಡುಗರು ಅವಳ ಕೈಲಿ ಸೋತು, "ಯಾವನೋ ಇವನು?" ಅಂತ ತಲೆ ಕೆರಕೊಳ್ಳೋರು. ಅವಳು ಎಲೆಯಡಿಕೆ ಅಗಿಯುತ್ತಾ ನಗೋಳು.

ಒಂದು ಸಂಜೆ ಖಾಕಿ ಅಂಗಿಯ ಒಬ್ಬ ಬಂದು ಬಾಗಿಲಲ್ಲಿ ನಿಂತ. ಬಸ್ಸಿನ ಕಂಡಕ್ಟರು. ಹೆಸರು ಕೊಟ್ರಪ್ಪ.

"ಅಕ್ಕಾ, ನನಗೆ ಈ ಆಟ ಕಲಿಸ್ರಿ."

"ಯಾಕಪ್ಪ?"

"ನನ್ನ ಮಗಳು ಸಿಂಚನ ಆಡ್ತಾಳೆ. ಅವಳ ಜೊತೆ ಆಡಬೇಕು."

"ಅವಳನ್ನೇ ಕೇಳು, ಕಲಿಸ್ತಾಳೆ."

ಕೊಟ್ರಪ್ಪ ಟಿಕೆಟ್ಟಿನ ಬ್ಯಾಗನ್ನ ಹೆಗಲಿಂದ ಇಳಿಸಿದ. ಮತ್ತೆ ಹಾಕಿಕೊಂಡ.

"ಯುಗಾದಿಯಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಕಾಲೇಜಿಗೆ ಹತ್ತಿರ ಅಂತ ನೆಪ ಹೇಳಿ ಚಿಕ್ಕಮ್ಮನ ಮನೆ ಸೇರಿಕೊಂಡಳು. ಫೋನು ಮಾಡಿದ್ರೆ 'ಅಮ್ಮಂಗೆ ಕೊಡಿ' ಅಂತಾಳೆ. ಆಟದೊಳಗೆ ಒಬ್ಬರಿಗೊಬ್ಬರು ಮಾತಾಡಲೇಬೇಕಂತಲ್ಲ. ನನಗೆ ಅದೊಂದೇ ಬಾಗಿಲು ಉಳಿದಿರೋದು."

"ಏನು ಮಾಡಿದೆ ಅವಳಿಗೆ?"

"ಏನೂ ಇಲ್ಲ ಅಕ್ಕ. ಊಟಕ್ಕೆ ಏಳು ಅಂದೆ. 'ಒಂದು ನಿಮಿಷ' ಅಂದಳು. ಮತ್ತೆ ಕರೆದೆ. 'ಅಪ್ಪ, ತಾಳು, ನಾನೊಬ್ಬಳೇ ಉಳಿದಿದ್ದೀನಿ' ಅಂದಳು. ಒಬ್ಬಳೇ ಎಲ್ಲಿ ಉಳಿದಳು? ಹಬ್ಬದ ದಿನ, ಮನೆ ತುಂಬ ಜನ ಇದ್ದೀವಿ! ಸಿಟ್ಟು ಬಂತು. ವೈರು ಕಿತ್ತು ಬಿಸಾಕಿದೆ. ಒಂದು ವೈರಿಗೆ ಇಷ್ಟು ಕೋಪವಾ?"

ನೀಲಕ್ಕ ಕುರ್ಚಿ ತೋರಿಸಿದಳು.

"ಕೂತ್ಕೋ."

ಕೂತ. ಅವಳು ಅವನ ಕಿವಿಗೆ ಹೆಡ್‌ಫೋನು ಹಾಕಿದಳು. ಪರದೆ ಮೇಲೆ ಟವೆಲ್ಲು ಹೊದಿಸಿದಳು.

"ಬಂದೂಕು ಎಲ್ಲಿ ಅಕ್ಕ?"

"ಕಿವಿ ಎಲ್ಲಿ?"

ಆ ವಾರವೆಲ್ಲ ಅದೇ ಪಾಠ. ಆಟದೊಳಗೆ ಓಡಿದವರ ಹೆಜ್ಜೆ ಕೇಳುತ್ತೆ, ಮೆಲ್ಲಗೆ ನಡೆದವರದು ಕೇಳಲ್ಲ. ಹಾಲು ಉಕ್ಕೋ ಮುಂಚೆ ಪಾತ್ರೆಯೊಳಗೆ ಒಂದು ಸದ್ದು ಬರುತ್ತಲ್ಲ, ಆ ಸದ್ದು ಹಿಡಿದವಳ ಹಾಲು ಉಳಿಯುತ್ತೆ. ಹಂಗೆ ಕೇಳಬೇಕು. ಕೊಟ್ರಪ್ಪನಿಗೆ ಬಸ್ಸಿನ ಗದ್ದಲದ ಕಿವಿ. ಆದರೂ ಕೇಳ್ತಾ ಕೇಳ್ತಾ ಕಿವಿ ತೆರೀತು.

ಆಮೇಲೆ ಟವೆಲ್ಲು ತೆಗೆದಳು. ಆಟದ ಊರು ಕಾಣಿಸಿತು. ಜನ ಇಲ್ಲ, ಬರೀ ಗೋಡೆ, ಮೆಟ್ಟಿಲು, ಓಣಿ.

"ಪೂರ್ತಿ ಸುತ್ತಿ ಬಾ. ಇದು ಹಿತ್ತಲು. ಅದು ಅಟ್ಟ. ಆ ಮೂಲೆಗೆ ಗಿರಣಿ ಅಂತಾರೆ. ನಮ್ಮ ಕಡೆ ಆಡೋ ಮಕ್ಕಳೆಲ್ಲ ಹಂಗೇ ಕರೆಯೋದು."

"ಆ ಮೂಲೆ ನೋಡಿದ್ರೆ ನನಗೆ ನಮ್ಮ ಡಿಪೋ ಕಂಡ ಹಾಗೆ ಆಗುತ್ತೆ. ಡಿಪೋ ಅಂತೀನಿ."

"ಬಸ್ಸಲ್ಲಿ ಸ್ಟಾಪಿನ ಹೆಸರು ಕೂಗ್ತೀಯಲ್ಲ, ಯಾರಿಗಾಗಿ?"

"ಇಳಿಯೋರಿಗೆ."

"ಹಂಗಾದ್ರೆ ಇಳಿಯೋರಿಗೆ ಗೊತ್ತಿರೋ ಹೆಸರು ಕೂಗು."

ಕೊಟ್ರಪ್ಪ ಗಿರಣಿ ಅಂತಲೇ ಕಲಿತ.

ಒಂದು ದಿನ ನೀಲಕ್ಕ ಅವನನ್ನ ನಿಜವಾದ ಆಟಕ್ಕೆ ಬಿಟ್ಟಳು. ಈ ಕಡೆ ಐದು ಜನ, ಆ ಕಡೆ ಐದು ಜನ. ಎಲ್ಲರೂ ಎಲ್ಲೆಲ್ಲೋ ಕೂತವರು, ಮೈಕಿನಲ್ಲಿ ಮಾತಾಡಿಕೊಂಡು ಆಡೋದು. ಒಂದು ಸುತ್ತಿಗೆ ಒಂದೇ ಪ್ರಾಣ. ಸತ್ತವನು ಆ ಸುತ್ತು ಮುಗಿಯೋ ತನಕ ಎದ್ದು ಬರೋ ಹಂಗಿಲ್ಲ. ಬದುಕಿರೋ ಗೆಳೆಯನ ಕಣ್ಣಿಂದ ಆಟ ನೋಡ್ತಾ ಕೂರಬೇಕು, ಅಷ್ಟೆ.

ಕೊಟ್ರಪ್ಪ ಎಲ್ಲರಿಗಿಂತ ಮೊದಲು ಸತ್ತ.

ಸತ್ತು ಸುಮ್ಮನಿದ್ನಾ? ಇಲ್ಲ. ಶುರು ಮಾಡಿದ.

"ಏ ತಮ್ಮಾ, ಮುಂದೆ ನಡಿ, ಮುಂದೆ ನಡಿ! ನಿಲ್ಲಬೇಡ ಅಲ್ಲಿ! ಹಿಂದೆ ನೋಡೋ! ಅಯ್ಯೋ, ಒಳಗೆ ಜಾಗ ಐತಲ್ಲೋ, ಒಳಗೆ ಹೋಗು! ರೈಟ್, ರೈಟ್!"

ಬಸ್ಸು ಬಿಡೋಕೆ ಹೇಳೋ ರೈಟು ಅದು. ಪಾಪ, ಆ ಹುಡುಗ ಬಲಕ್ಕೆ ತಿರುಗಿದ. ಎಡಗಡೆಯಿಂದ ಹೊಡೆದುಹಾಕಿದರು.

"ಯಾರಪ್ಪ ಇದು, ಬಸ್ ಸ್ಟ್ಯಾಂಡಿಂದ ಆಡ್ತಾವ್ನೆ?" ಅಂದ ಮಂಡ್ಯ ಕಡೆಯವನೊಬ್ಬ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಅವನ ಧ್ವನಿ ತಮಗೆ ಕೇಳದ ಹಾಗೆ ಮಾಡಿಕೊಂಡರು.

ಕೊಟ್ರಪ್ಪನಿಗೆ ರೋಷ ಬಂತು. ಮುಂದಿನ ಸುತ್ತುಗಳಲ್ಲಿ ಬಾಯಿ ಬಿಡಲಿಲ್ಲ. ಸತ್ತ, ಕೈ ಕಟ್ಟಿಕೊಂಡ, ಕೂತ. ತನ್ನನ್ನ ಹೊಡೆದವನು ಎಲ್ಲಿ ಅಡಗಿದ್ದಾನೆ ಅಂತ ಅವನಿಗೆ ಗೊತ್ತಿತ್ತು. ಹೇಳಲಿಲ್ಲ. ಅದೇ ಮೂಲೆಗೆ ಒಬ್ಬೊಬ್ಬರೇ ಹೋಗಿ ಉಳಿದವರೂ ಸತ್ತರು.

"ಮಾತಾಡಿದ್ರೂ ತಪ್ಪು, ಆಡದಿದ್ರೂ ತಪ್ಪು," ಅಂತ ನೀಲಕ್ಕನ ಹತ್ತಿರ ದೂರಿದ. "ಸತ್ತವನು ಏನು ಮಾಡಬೇಕು ಅಕ್ಕ, ನೀವೇ ಹೇಳ್ರಿ."

ನೀಲಕ್ಕ ಅವನನ್ನ ಹೊಳೆಯ ಮರಳಿಗೆ ಕರಕೊಂಡು ಹೋದಳು.

"ಖೋ ಖೋ ಆಡಿದ್ದೀಯಾ?"

"ಶಾಲೇಲಿ ಆಡಿದ್ದೆ."

"ಹಂಗಾದ್ರೆ ಕೂತ್ಕೋ."

ಅವನು ಮರಳಲ್ಲಿ ಮಂಡಿಯೂರಿ ಕೂತ. ನೀಲಕ್ಕ ಹಿಂದಿನಿಂದ ಬಂದು ಬೆನ್ನಿಗೊಂದು ಪೆಟ್ಟು ಕೊಟ್ಟಳು. "ಖೋ!"

ಎಷ್ಟೋ ವರ್ಷದ ಹಿಂದಿನ ಕಾಲುಗಳು ತಾವಾಗೇ ನೆನಪು ಮಾಡಿಕೊಂಡವು. ಕೊಟ್ರಪ್ಪ ಚಂಗನೆ ಎದ್ದು ಓಡಿದ. ತಿರುಗಿ ನೋಡಿದರೆ ನೀಲಕ್ಕ ಮಂಡಿ ಹಿಡಿದುಕೊಂಡು, ಅಮ್ಮಾ ಅಂತ ನರಳ್ತಾ, ಅವನ ಜಾಗದಲ್ಲಿ ಕೂರ್ತಿದ್ದಳು.

"ಈಗ ಓಡೋರು ಯಾರು?"

"ನಾನು."

"ಇಲ್ಲಿ ಕೂತು, ಎಡಕ್ಕೆ ಓಡು, ಬಲಕ್ಕೆ ಓಡು ಅಂತ ನಾನು ಅರಚಿದ್ರೆ?"

"ತಲೆ ಕೆಟ್ಟುಹೋಗುತ್ತೆ."

"ಖೋ ಅನ್ನದೇ ಸುಮ್ಮನೆ ಬಂದು ಕೂತಿದ್ರೆ?"

"ನಾನು ಏಳೋ ಹಂಗೇ ಇರಲಿಲ್ಲ."

"ಸರಿ. ಕೈ ಕೊಡು, ಎಬ್ಬಿಸು ನನ್ನ."

ಅವತ್ತಿಂದ ಕೊಟ್ರಪ್ಪ ಸಾಯೋದು ಕಲಿತ. "ನಾನು ಹೋದೆ. ಅಟ್ಟದ ಮೇಲೆ ಒಬ್ಬ." ಇಷ್ಟು ಹೇಳೋನು, ತುಟಿ ಮುಚ್ಚೋನು. ಮೊದಮೊದಲು ಕಷ್ಟವಾಯ್ತು. ಒಳಗಿಂದ ಮಾತು ಉಕ್ಕಿ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿಯೋನು. ಮಂಡ್ಯ ಕಡೆಯವನೇ ಒಂದು ದಿನ, "ಬಸ್ ಸ್ಟ್ಯಾಂಡ್ ಅಂಕಲ್, ನಮ್ ಟೀಮಿಗೆ ಬನ್ನಿ," ಅಂದ. ಕೊಟ್ರಪ್ಪ ಅವತ್ತು ತಗಡಿನ ಮನೆಗೆ ಕಲಿಯೋಕೆ ಬರೋ ಹುಡುಗರಿಗೆಲ್ಲ ಮಿರ್ಚಿ ಮಂಡಕ್ಕಿ ಕೊಡಿಸಿದ.

ಹೀಗಿರುವಾಗ ಒಂದು ಸಂಜೆ, ಅವನ ಜೊತೆಯ ನಾಲ್ವರೂ ಸತ್ತರು. ಆ ಕಡೆ ಇನ್ನೂ ಇಬ್ಬರಿದ್ದರು. ಈ ಕಡೆ ಕೊಟ್ರಪ್ಪ ಒಬ್ಬನೇ.

ಮೆಲ್ಲಗೆ ನಡೆದ. ಗಿರಣಿ ಹತ್ತಿರ ಒಬ್ಬನನ್ನ ಬೀಳಿಸಿದ. ನಾಲ್ಕು ಜನ ಎಲ್ಲೆಲ್ಲೋ ಕೂತು, ಉಸಿರು ಬಿಗಿಹಿಡಿದು, ಅವನ ಕಣ್ಣಿಂದಲೇ ನೋಡ್ತಿದ್ದರು. ಇಂಥ ಮರ್ಯಾದೆ ಅವನಿಗೆ ಮದುವೆ ದಿನವೂ ಸಿಕ್ಕಿರಲಿಲ್ಲ. ಇನ್ನೊಬ್ಬನ ಹೆಜ್ಜೆ ಸದ್ದು ಕೇಳಿಸಿತು. ಹತ್ತಿರ. ಇನ್ನೂ ಹತ್ತಿರ.

"ಕೊಟ್ರಪ್ಪ, ಊಟಕ್ಕೆ ಏಳು," ಅಂದಳು ನೀಲಕ್ಕ.

"ಒಂದು ನಿಮಿಷ ಅಕ್ಕ."

ನೀಲಕ್ಕ ಬಗ್ಗಿ ವೈರು ಕಿತ್ತಳು.

ಪರದೆ ಕಪ್ಪಾಯ್ತು.

ಕೊಟ್ರಪ್ಪ ಕುರ್ಚಿ ಬೀಳೋ ಹಾಗೆ ಎದ್ದ. "ಏನ್ ಮಾಡಿದ್ರಿ! ನಾಲ್ಕು ಜನ ನನ್ನನ್ನೇ ನಂಬಿ ಕೂತಿದ್ರು! ನಾನೊಬ್ಬನೇ ಉಳಿದಿದ್ದೆ ಅಕ್ಕಾ!"

"ಒಬ್ಬನೇ ಎಲ್ಲಿ ಉಳಿದೆ?" ಅಂದಳು ನೀಲಕ್ಕ. "ಮನೆ ತುಂಬ ಜನ ಇದ್ದೀವಿ."

ಕೊಟ್ರಪ್ಪ ಹೆಡ್‌ಫೋನು ತೆಗೆದಿಟ್ಟ.

ಹೊರಗೆ ಹೋಗಿ ಬೇವಿನ ಬುಡದಲ್ಲಿ ಕೂತ. ನೀಲಕ್ಕ ಬಂದು ಪಕ್ಕದಲ್ಲಿ ನಿಂತಳು.

"ಎಲ್ಲರೆದುರು ಬೈದೆ ಅವಳನ್ನ," ಅಂದ. "ಹೋಳಿಗೆ ಬಡಿಸಿದ್ರೆ ಮುಟ್ಟಲಿಲ್ಲ. ಸೊಕ್ಕು ಅಂದೆ."

ನೀಲಕ್ಕ ಆ ವೈರನ್ನ ಅವನ ಕೈಗೆ ಕೊಟ್ಟಳು.

"ಒಳಗೆ ಹೋಗಿ ಸಿಕ್ಕಿಸು."

"ಆಟ ಮುಗಿದುಹೋಯ್ತಲ್ಲ ಅಕ್ಕ."

"ಆಟ ಮುಗೀತು. ವೈರು ಇದೆಯಲ್ಲ."

ಮರುದಿನ ಅವನು ಮಗಳಿಗೆ ಆಟದಲ್ಲೇ ಒಂದು ವಿನಂತಿ ಕಳಿಸಿದ, ನನ್ನನ್ನ ಜೊತೆ ಸೇರಿಸಿಕೋ ಅಂತ. ಆಟದಲ್ಲಿ ಅವನು ಇಟ್ಟುಕೊಂಡ ಹೆಸರು ರೈಟ್ ರೈಟ್. ಯಾರು ಅಂತ ಅವಳಿಗೆ ಹೇಳಬೇಕಾಗಿರಲಿಲ್ಲ.

ಉತ್ತರ ಬರಲಿಲ್ಲ. ದಿನಾ ಡ್ಯೂಟಿ ಮುಗಿಸಿ ಬಂದು ನೋಡೋನು. ಇಲ್ಲ.

"ಇನ್ನೊಂದು ಸಲ ಕಳಿಸಲಾ ಅಕ್ಕ? ಅವರಮ್ಮನ ಕೈಲಿ ಹೇಳಿಸಲಾ? ನಾನೇ ಹೋಗಿ ಆ ಮನೆ ಬಾಗಿಲಲ್ಲಿ ನಿಲ್ಲಲಾ?"

"ನೀನು ಬಸ್ಸು ನಿಲ್ಲಿಸಿ ಬಾಗಿಲು ತೆಗೆದಿದ್ದೀಯ. ಹತ್ತೋರನ್ನ ರೆಟ್ಟೆ ಹಿಡಿದು ಎಳೀತೀಯಾ?"

ಒಂದು ಭಾನುವಾರ ಮಧ್ಯಾಹ್ನ, ಕೊಟ್ರಪ್ಪ ಬಂದು ಕೂತಿದ್ದಷ್ಟೆ, ಪರದೆಯ ಮೂಲೆಯಲ್ಲಿ ಸಿಂಚನಳ ಹೆಸರು ಮಿನುಗಿತು. ಅವಳ ಗುಂಪಿನ ಐದನೆಯವಳು ಬಂದಿರಲಿಲ್ಲ. ಅಪ್ಪನನ್ನ ಆಟಕ್ಕೆ ಕರೆದಿದ್ದಳು.

ಕೊಟ್ರಪ್ಪ ಹೆಡ್‌ಫೋನು ಹಾಕಿಕೊಂಡು ಆಟದೊಳಗೆ ಹೋದ.

"ಯಾರೇ ಸಿಂಚು ಇವರು?" ಅಂತ ಒಬ್ಬ ಹುಡುಗಿ ಕೇಳಿದಳು.

"ಗೊತ್ತಿರೋರು," ಅಂದಳು ಸಿಂಚನ. ಆಮೇಲೆ, "ರೈಟ್ ರೈಟ್, ನೀವು ಹಿತ್ತಲು ನೋಡಿಕೊಳ್ಳಿ."

ನೀವು ಅಂದಳು. ಹುಟ್ಟಿದಾಗಿನಿಂದ ಅಪ್ಪನಿಗೆ ನೀನು ಅಂದ ಕೂಸು. "ಸರಿ," ಅಂದ ಕೊಟ್ರಪ್ಪ.

ಆಡಿದರು. ಸುತ್ತಿನ ಮೇಲೆ ಸುತ್ತು ಆಡಿದರು. ಇವರೊಂದು ಗೆದ್ದರೆ ಅವರೊಂದು. ಅವಳು ಆಟಕ್ಕೆ ಬೇಕಾದ ಮಾತು ಬಿಟ್ಟು ಬೇರೊಂದು ಮಾತಾಡಲಿಲ್ಲ. ಅವನೂ ಆಡಲಿಲ್ಲ. ಕೊನೆಗೆ ಎರಡೂ ಕಡೆ ಸಮ ಆಗಿ, ಒಂದೇ ಸುತ್ತು ಉಳೀತು.

ಕೊಟ್ರಪ್ಪ ಹಿತ್ತಲಲ್ಲಿ ಕಿವಿಗೊಟ್ಟು ನಿಂತ. ಹೆಜ್ಜೆ ಕೇಳಿಸಿತು. ತಿರುಗಿ ಹೊಡೆದ. ಅವರು ಇಬ್ಬರಿದ್ದರು.

"ನಾನು ಹೋದೆ. ಹಿತ್ತಲಲ್ಲಿ ಇಬ್ಬರು. ಒಬ್ಬನಿಗೆ ಪೆಟ್ಟು ಬಿದ್ದಿದೆ."

ಅಷ್ಟು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದ.

ಉಳಿದವರೂ ಒಬ್ಬೊಬ್ಬರೇ ಬಿದ್ದರು. ಎದುರಿನ ಗುಂಪಲ್ಲಿ ಆ ಇಬ್ಬರೇ ಮಿಕ್ಕರು. ಈ ಕಡೆ ಸಿಂಚನ ಒಬ್ಬಳೇ.

ಈಗ ಕೊಟ್ರಪ್ಪ ಮಗಳ ಕಣ್ಣಿಂದ ನೋಡ್ತಿದ್ದ. ಅವಳು ಹೇಗೆ ತಡೀತಾಳೆ, ಮೂಲೆ ಮೂಲೆ ಹೇಗೆ ಇಣುಕ್ತಾಳೆ, ಎಲ್ಲಾ ಕಾಣ್ತಿತ್ತು. ನಡಿಗೆ ಕಲಿಯೋವಾಗ ಗೋಡೆ ಹಿಡಿದು ಹಂಗೇ ನಿಲ್ಲೋಳು. ಹುಷಾರು ಕಂದಾ ಅನ್ನೋ ಮಾತು ಗಂಟಲಿಗೆ ಬಂತು. ಬೆರಳು ಕಚ್ಚಿಕೊಂಡ. ಹಿಂದೆ ನಿಂತ ನೀಲಕ್ಕನೂ ಅಗಿಯೋದು ನಿಲ್ಲಿಸಿದ್ದಳು.

ಪೆಟ್ಟು ತಿಂದವನನ್ನ ಸಿಂಚನ ಬೀಳಿಸಿದಳು. ಇನ್ನೊಬ್ಬ ಅವಳನ್ನ ಬೀಳಿಸಿದ.

ಸೋತರು.

"ಸಾರಿ ಕಣ್ರೇ," ಅಂದಳು ಸಿಂಚನ. "ಬಿಡೇ, ಒಬ್ಬಳೇ ಅಲ್ಲೀವರೆಗೆ ಎಳೆದೆಯಲ್ಲ," ಅಂದಳು ಗೆಳತಿ.

"ಅಪ್ಪ."

ಕೊಟ್ರಪ್ಪ ಬಾಯಿಂದ ಕೈ ತೆಗೆದ. "ಹ್ಞೂಂ."

"ಕೊನೇಲಿ ನೀನು ಒಂದು ಮಾತೂ ಆಡಲಿಲ್ಲ."

"ನೀನೊಬ್ಬಳೇ ಉಳಿದಿದ್ದೆಯಲ್ಲವ್ವ."

ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು. ಕಿವಿ ತೆರೆದವನಿಗೆ ಅದೂ ಕೇಳುತ್ತೆ. ಆಮೇಲೆ ಮೂಗು ಒರೆಸಿಕೊಂಡ ಸದ್ದು.

"ಊಟ ಆಯ್ತಾ?"

"ಇಲ್ಲ. ಡ್ಯೂಟಿ ಮುಗಿಸಿ ಸೀದಾ ಇಲ್ಲಿಗೇ ಬಂದೆ."

"ಹೋಗಿ ಉಂಡು ಬಾ. ನಾವು ಕಾಯ್ತೀವಿ."

ಕೊಟ್ರಪ್ಪ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡ. ಕಣ್ಣು ತುಂಬಿತ್ತು. ಎದ್ದೇಳಲಿಲ್ಲ.

"ತಪ್ಪಾಯ್ತು ಅನ್ನೋದೇ ಮರೆತೆನಲ್ಲ ಅಕ್ಕ. ತಿಂಗಳಿಂದ ಒಂದೊಂದು ಮಾತೂ ಜೋಡಿಸಿಟ್ಟಿದ್ದೆ. ಈಗ ಹೇಳಿಬಿಡಲಾ?"

ನೀಲಕ್ಕ ಅವನ ಬೆನ್ನಿಗೆ ಒಂದು ಪೆಟ್ಟು ಕೊಟ್ಟಳು.

"ಮಗಳು ಖೋ ಕೊಟ್ಟಾಯ್ತು. ಇನ್ನೂ ಕೂತಿದ್ದೀಯಲ್ಲೋ."