ಪೊದೆಯೊಳಗಿನ ಬಿಸಿಲು

ಊರು ಎಲ್ಲಿ ಮುಗಿಯುತ್ತದೆ ಎಂದು ಈಗ ಹೇಳುವುದು ಕಷ್ಟ. ಹೊಸ ಬಡಾವಣೆಯ ಕೊನೆಯ ಬೀದಿದೀಪದಾಚೆ ಒಂದು ಕೆರೆ ಇತ್ತು. ಅಲ್ಲಿಗೆ ಮುಗಿಯಿತು ಎಂದುಕೊಳ್ಳೋಣ.

ಪ್ರತಿ ಭಾನುವಾರ ಬೆಳಗಾಗುವ ಹೊತ್ತಿಗೆ ವಿಶಾಲಾಕ್ಷಮ್ಮ ಆ ಕೆರೆಯ ಏರಿಗೆ ಬರುತ್ತಿದ್ದರು. ಅವರ ಹಿಂದೆ ಕ್ಯಾಮೆರಾ ಹೊತ್ತ ಹತ್ತಾರು ಮಂದಿ. ಬೆಳಕು ನೋಡುವುದು ಹೇಗೆ, ಹಕ್ಕಿಗಾಗಿ ಕಾಯುವುದು ಹೇಗೆ ಎಂದು ಹೇಳಿಕೊಡುತ್ತಾ ಅವರು ಮುಂದೆ ನಡೆಯುವರು. ಹೆಸರಿಗೆ ತಕ್ಕ ಕಣ್ಣು ಅವರದು. ಮಂಡಿಗಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಕಲಿಯುವವರಲ್ಲಿ ಚೆಲುವರಾಜು ಎಂಬೊಬ್ಬನಿದ್ದ. ಪೇಟೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇತ್ತು. ಗದ್ದ ಎತ್ತಿಸಿ, ಭುಜ ಇಳಿಸಿ, ಪರದೆ ಸರಿಸಿ, ಅರ್ಧ ಊರಿನ ಮುಖಗಳನ್ನು ಅವನೇ ತೆಗೆದಿದ್ದ. ಎಲ್ಲರ ಕೈಗೂ ಫೋನು ಬಂದ ಮೇಲೆ ಅವನ ಬಾಗಿಲಿಗೆ ಬರುವವರಿಲ್ಲವಾದರು.

ಸ್ಟುಡಿಯೋಗೆ ಬೀಗ ಹಾಕಿ ಮಂಕು ಕವಿದವನಂತೆ ಮನೆಯಲ್ಲಿ ಕೂತಿದ್ದವನನ್ನು ಕೆರೆಗೆ ಎಳೆದು ತಂದವರು ವಿಶಾಲಾಕ್ಷಮ್ಮ.

“ಮನುಷ್ಯರ ಮುಖ ಬೇಕಾದಷ್ಟು ನೋಡಿದ್ದೀಯ. ಬಾ, ಬೇರೆಯವರನ್ನೂ ಒಂದಿಷ್ಟು ನೋಡುವೆಯಂತೆ” ಎಂದಿದ್ದರು.

ಆ ಉಪಕಾರವನ್ನು ಅವನು ಒಂದು ದಿನವೂ ಮರೆತವನಲ್ಲ. ಅಮ್ಮ ಬಂಡೆಯ ಮೇಲೆ ಕೂತೇಳುವಾಗ ಕೈ ಕೊಡಲು ಎಲ್ಲರಿಗಿಂತ ಮುಂದೆ ಅವನೇ ಇರುತ್ತಿದ್ದ.

ಆ ಗುಂಪಿಗೊಂದು ಪದ್ಧತಿ ಇತ್ತು. ಬಿಸಿಲೇರಿದಾಗ ವಿಶಾಲಾಕ್ಷಮ್ಮ ಹೊಂಗೆಮರದ ಕೆಳಗೆ ನಿಂತು ತಿಂಡಿ ಡಬ್ಬಿಯ ಮುಚ್ಚಳವನ್ನು ಚಮಚದಿಂದ ತಟ್ಟುವರು. ಯಾರು ಎಲ್ಲೇ ಇರಲಿ, ಬಂದು ಸೇರಬೇಕು. ಒಬ್ಬೊಬ್ಬರೂ ಒಂದು ಚಿತ್ರ ತೋರಿಸಿ, ಅದನ್ನು ಕೊಟ್ಟವರು ಯಾರೆಂದು ಹೇಳಿ ಕೈಮುಗಿಯಬೇಕು. ಅವಲಕ್ಕಿ ಆಮೇಲೆ.

ಒಂದು ಭಾನುವಾರ ಹೊರಡುವಾಗ ವಿಶಾಲಾಕ್ಷಮ್ಮ ಹೇಳಿದರು:

“ನನ್ನ ಮಂಡಿ ಇನ್ನು ಸಾಕು ಅಂತಿದೆ. ಬರೋ ವಾರ ಈ ಚಮಚ ನಿಮ್ಮಲ್ಲಿ ಒಬ್ಬರ ಕೈಗೆ ಕೊಡ್ತೀನಿ. ಮುಂದೆ ಎಲ್ಲರನ್ನೂ ಕರ್ಕೊಂಡು ಬರೋದು ಅವರ ಕೆಲಸ.”

ಆ ಚಮಚ ತನಗೇ ಬರಬೇಕೆಂದು ಚೆಲುವರಾಜುವಿಗೆ ಆಸೆಯಾಯಿತು. ಎಂಥ ಆಸೆಯೆಂದರೆ, ವಾರವಿಡೀ ಅನ್ನ ರುಚಿಸಲಿಲ್ಲ. ಸ್ಟುಡಿಯೋ ಹೋದ ಮೇಲೆ ಅವನ ದಾರಿ ಕಾಯುತ್ತಿದ್ದ ಜಾಗ ಲೋಕದಲ್ಲಿ ಇದೊಂದೇ. ಅಮ್ಮ ಮೆಚ್ಚುವಂಥ ಒಂದು ಚಿತ್ರ ಸಿಕ್ಕರೆ ಸಾಕು ಎಂದು ಅವನು ದೇವರಿಗೆ ಹೇಳಿಕೊಂಡ.

ಆ ಭಾನುವಾರ ಬಂತು. ಎಲ್ಲರೂ ಒಂದೊಂದು ದಿಕ್ಕಿಗೆ ಚದುರಿದರು.

ಕೆರೆಯ ಕೋಡಿಯ ಹತ್ತಿರ ಒಂದು ಲಂಟಾನ ಪೊದೆ. ಅದರೊಳಗೆ ಪಿಕಳಾರದ ಗೂಡು. ಗೂಡಿನಲ್ಲಿ ಮೂರು ಮರಿಗಳು, ಇನ್ನೂ ಪುಕ್ಕ ಮೂಡದವು. ತಾಯಿಹಕ್ಕಿ ಹುಳು ತರುವುದೂ ಹೋಗುವುದೂ ನಡೆದಿತ್ತು.

ಚೆಲುವರಾಜು ಕ್ಯಾಮೆರಾದಲ್ಲಿ ಇಣುಕಿದ. ಎಲೆ ತುಂಬಿದ ಒಂದು ಕೊಂಬೆ ಅಡ್ಡ ಬರುತ್ತಿತ್ತು. ಒಳಗೆಲ್ಲ ಕತ್ತಲೆ.

ಹುಟ್ಟುಗುಣ ಸುಟ್ಟರೂ ಹೋಗದಂತೆ. ಕಸುಬಿನ ಗುಣವೂ ಅಷ್ಟೇ. ಪರದೆ ಸರಿಸಿದ ಹಾಗೆ ಅವನ ಕೈ ಆ ಕೊಂಬೆಯನ್ನು ಸರಿಸಿತು. ಜೇಬಿನಿಂದ ಕರ್ಚೀಫು ತೆಗೆದು ಅದನ್ನು ಹಿಂದಕ್ಕೆ ಎಳೆದು ಕಟ್ಟಿತು. ಎಳೆಬಿಸಿಲು ನೇರವಾಗಿ ಗೂಡಿನೊಳಗೆ ಬಿತ್ತು.

ಅವನು ದೂರ ಸರಿದು ಕಾದ. ತಾಯಿಹಕ್ಕಿ ಬಂತು. ಮರಿಗಳು ಬಾಯಿ ತೆರೆದವು. ಮೂರು ಕೆಂಪು ಬಾಯಿ, ತಾಯಿಯ ಎತ್ತಿದ ಜುಟ್ಟು, ಕೊಕ್ಕಿನಲ್ಲಿ ಹಸಿರು ಹುಳು. ಅಂಥ ಚಿತ್ರ ಅವನ ಜನ್ಮದಲ್ಲೇ ಸಿಕ್ಕಿರಲಿಲ್ಲ.

ಅದನ್ನೇ ಮತ್ತೆ ಮತ್ತೆ ನೋಡುತ್ತಾ ಅವನು ಏರಿಯ ಮೇಲೆ ತುಂಬಾ ಹೊತ್ತು ಕೂತ. ಡಬ್ಬಿಯ ಸದ್ದು ಕೇಳಿದಾಗ ಎದ್ದು ಓಡಿದ.

ಹೊಂಗೆಮರದ ಕೆಳಗೆ ಮೊದಲ ಸರದಿ ಫಿಲೋಮಿನಾಳದು. ಆಕೆ ಆಸ್ಪತ್ರೆಯಲ್ಲಿ ನರ್ಸು, ರಾತ್ರಿಪಾಳಿ ಮುಗಿಸಿ ನೇರ ಕೆರೆಗೆ ಬಂದಿದ್ದಳು. ಅವಳ ಚಿತ್ರದಲ್ಲಿ ಮಂಜು ಬಿಟ್ಟರೆ ಬೇರೇನೂ ಇರಲಿಲ್ಲ.

“ಇದು ಮಂಜು ಕೊಟ್ಟಿದ್ದು. ನಾನು ಬಂದಾಗ ಇನ್ನೂ ಎದ್ದು ಹೋಗಿರಲಿಲ್ಲ, ಪಾಪ” ಎಂದು ಕೈಮುಗಿದಳು. ಎಲ್ಲರೂ ನಕ್ಕರು.

ಚೆಲುವರಾಜು ತನ್ನ ಚಿತ್ರ ತೋರಿಸಿದ. ನಗು ನಿಂತಿತು. ಯಾರೋ “ಅಬ್ಬಾ!” ಎಂದರು. ಕ್ಯಾಮೆರಾ ಕೈಯಿಂದ ಕೈಗೆ ಹೋಗಿ ಕೊನೆಗೆ ವಿಶಾಲಾಕ್ಷಮ್ಮನ ಕೈಗೆ ಬಂತು.

ಅವರು ಬಹಳ ಹೊತ್ತು ನೋಡಿದರು.

“ಇದನ್ನ ಕೊಟ್ಟವರು ಯಾರಪ್ಪ?”

“ಪಿಕಳಾರ ಅಮ್ಮಾ, ಕೋಡಿ ಹತ್ರದ್ದು.”

“ಹಕ್ಕಿ ಕೊಟ್ಟಿತು, ಸರಿ. ಬಿಸಿಲು ಕೊಟ್ಟವರು?”

“ಸೂರ್ಯ, ಅಮ್ಮಾ.”

“ಸೂರ್ಯ ಎಲ್ಲರಿಗೂ ಕೊಡ್ತಾನೆ. ಪೊದೆ ಅದನ್ನ ಒಳಗೆ ಬಿಡ್ತಾ?”

ಚೆಲುವರಾಜು ಕೋಡಿಯ ಕಡೆ ನೋಡಿದ.

“ಬಿಸಿಲು ಬರಬಾರದು ಅಂತಲೇ ಅಲ್ವೇ ಆ ತಾಯಿ ಅಲ್ಲಿ ಗೂಡು ಕಟ್ಟಿದ್ದು?”

ಅವನ ಹಣೆ ಬೆವೆತಿತು. ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ. ಜೇಬಿನಲ್ಲಿ ಕರ್ಚೀಫು ಇರಲಿಲ್ಲ.

ಕೊಂಬೆಯನ್ನು ಬಿಚ್ಚದೆ ಬಂದುಬಿಟ್ಟಿದ್ದ.

“ಅಮ್ಮಾ...” ಎಂದ. ಕ್ಯಾಮೆರಾ ಅವರ ಕೈಯಲ್ಲೇ ಬಿಟ್ಟು ಕೋಡಿಯ ಕಡೆ ಓಡಿದ. ವಿಶಾಲಾಕ್ಷಮ್ಮ ಕ್ಯಾಮೆರಾವನ್ನು ಫಿಲೋಮಿನಾಳಿಗೆ ಕೊಟ್ಟು, ಕುಂಟುತ್ತಾ ಹಿಂದೆಯೇ ಹೊರಟರು.

ಎಳೆಬಿಸಿಲು ಈಗ ಎಳೆಬಿಸಿಲಾಗಿ ಉಳಿದಿರಲಿಲ್ಲ. ಗೂಡಿನ ಮೇಲೆ ಸುಡುತ್ತಿತ್ತು. ಎರಡು ಮರಿಗಳು ಬಾಯಿ ಕಳೆದು ಏದುಸಿರು ಬಿಡುತ್ತಿದ್ದವು. ಮೂರನೆಯದು ಕತ್ತು ಚೆಲ್ಲಿ ಮಲಗಿತ್ತು. ದೂರದ ಜಾಲಿಮರದಲ್ಲಿ ತಾಯಿಹಕ್ಕಿ ಹುಳು ಕಚ್ಚಿಕೊಂಡು ಚಡಪಡಿಸುತ್ತಿತ್ತು. ಬೇಲಿಗಂಬದ ಮೇಲೆ ಒಂದು ಕಾಗೆ ಕತ್ತು ವಾಲಿಸಿ ಗೂಡನ್ನೇ ನೋಡುತ್ತಿತ್ತು.

ಚೆಲುವರಾಜು ಕಾಗೆಗೆ ಬೀಸಲು ಕಲ್ಲೆತ್ತಿದ. ಅಷ್ಟರಲ್ಲಿ ಬಂದು ತಲುಪಿದ ವಿಶಾಲಾಕ್ಷಮ್ಮ ಅವನ ಕೈ ಹಿಡಿದರು.

“ಅದರ ಮೇಲೆ ಯಾಕೆ ಕೋಪ? ಅದಕ್ಕೆ ಬಾಗಿಲು ತೆಗೆದುಕೊಟ್ಟವನು ನೀನು.”

ಅವನು ಕಲ್ಲು ಕೆಳಗಿಟ್ಟು ಗಂಟು ಬಿಚ್ಚಿದ. ಕೊಂಬೆ ಮೊದಲಿನ ಜಾಗಕ್ಕೆ ಬರಲಿಲ್ಲ. ಕಟ್ಟಿದಲ್ಲೇ ಮುರಿದು ಬಾಡಿ ಜೋತುಬಿದ್ದಿತ್ತು. ಬಿಸಿಲು ಹಾಗೇ ಬೀಳುತ್ತಿತ್ತು.

ಅವನು ಅಮ್ಮನ ಕಡೆ ತಿರುಗಿದ. “ಏನು ಮಾಡ್ಲಿ ಅಮ್ಮಾ? ಏನು ಮಾಡ್ಲಿ ಈಗ?”

“ಇಷ್ಟು ವರ್ಷ ಪರದೆ ಕಟ್ಟಿದವನು ನೀನು. ನನ್ನ ಕೇಳ್ತೀಯಲ್ಲ?”

ಅವನು ಓಡಿಹೋಗಿ ಹೊಂಗೆಯ ಸೊಪ್ಪು ಮುರಿದು ತಂದ. ಗೂಡಿಗೆ ಕೈ ತಾಕದಂತೆ, ಮುಳ್ಳಿಗೆ ಕೈ ಗೀರಿದ್ದೂ ತಿಳಿಯದೆ, ಒಂದೊಂದೇ ರೆಂಬೆಯನ್ನು ಪೊದೆಯ ಸಂದಿಯಲ್ಲಿ ಸಿಕ್ಕಿಸಿ ಹಂಬಿನಿಂದ ಬಿಗಿದ. ಇಲ್ಲೊಂದು ಎಲೆ, ಅಲ್ಲೊಂದು ಎಲೆ. ಗೂಡಿನ ಮೇಲಿದ್ದ ಬಿಸಿಲು ಮೊದಲು ಅಂಗೈಯಗಲ ಆಯಿತು, ಆಮೇಲೆ ಕಾಸಿನಗಲ, ಆಮೇಲೆ ಇಲ್ಲವಾಯಿತು. ಸ್ಟುಡಿಯೋದಲ್ಲಿ ರಾಜಮನೆತನದವರು ಬಂದು ಕೂತಿದ್ದರೂ ಅವನು ಅಷ್ಟು ಮನಸ್ಸಿಟ್ಟು ಪರದೆ ಕಟ್ಟುತ್ತಿರಲಿಲ್ಲ.

“ಸಾಕು. ಇನ್ನು ನಾವಿಲ್ಲಿ ಇರಬಾರದು” ಎಂದರು ವಿಶಾಲಾಕ್ಷಮ್ಮ.

ಇಬ್ಬರೂ ಏರಿಯ ಮೇಲೆ ಹೋಗಿ ಕೂತರು.

“ಅಮ್ಮಾ, ನಾಲ್ಕು ಮಾತು ಬೈದುಬಿಡಿ.”

“ಸದ್ದು ಮಾಡಬೇಡ. ಹಕ್ಕಿ ಕೇಳಿಸ್ಕೊಳ್ತಾ ಇದೆ.”

ಕಾದರು. ಕಾಗೆ ಬೇಲಿಗಂಬದಿಂದ ಇಳಿದು ಪೊದೆಯ ಸುತ್ತ ಕುಪ್ಪಳಿಸಿತು. ಗೂಡು ಕಾಣಿಸಲಿಲ್ಲವೋ ಏನೋ, ಬೇಸರದಿಂದ ಒಂದು ಸಲ ಕೂಗಿ ಬಡಾವಣೆಯ ಕಡೆ ಹಾರಿಹೋಯಿತು.

ಮತ್ತೆ ಕಾದರು. ತಾಯಿಹಕ್ಕಿ ಜಾಲಿಮರದಿಂದ ಬೇಲಿಗೆ ಬಂತು. ಬೇಲಿಯಿಂದ ಹಿಂದಕ್ಕೆ ಹೋಯಿತು. ಪುನಃ ಬಂತು. ಹೊಸ ಸೊಪ್ಪನ್ನು ಆ ಕಡೆಯಿಂದ ನೋಡಿತು, ಈ ಕಡೆಯಿಂದ ನೋಡಿತು.

ಚಮಚದ ನೆನಪು ಅವನಿಗೆ ಆಗ ಒಂದಿಷ್ಟೂ ಇರಲಿಲ್ಲ.

ಹುಳು ಕಚ್ಚಿಕೊಂಡೇ ತಾಯಿಹಕ್ಕಿ ಪೊದೆಯೊಳಗೆ ನುಗ್ಗಿತು. ಒಳಗಿನಿಂದ ಚೀಂವ್‌ಗುಟ್ಟುವ ಸದ್ದು. ಬರಿಬಾಯಲ್ಲಿ ಹೊರಗೆ ಬಂತು.

ಅವನು ಉಸಿರು ಬಿಟ್ಟ.

“ಎಷ್ಟು ದನಿ ಕೇಳಿಸ್ತು?” ಎಂದರು ವಿಶಾಲಾಕ್ಷಮ್ಮ.

“ಎರಡು, ಅಮ್ಮಾ.”

“ಹಾಗಾದ್ರೆ ಕೂತ್ಕೋ.”

ಹಕ್ಕಿ ಹೋಗಿ ಬಂತು, ಹೋಗಿ ಬಂತು. ಬಿಸಿಲು ನೆತ್ತಿಯ ಕಡೆ ಏರಿತು. ಒಂದು ಸಲ ತಾಯಿ ಒಳಗೆ ಹೋದಾಗ, ಆ ಎರಡು ದನಿಗಳ ನಡುವೆ ದಾರದೆಳೆಯಂಥ ಮೂರನೆಯದೊಂದು ದನಿ ಎದ್ದಿತು.

ಚೆಲುವರಾಜು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಆ ಹಕ್ಕಿಗೆ, ಹೊಂಗೆಸೊಪ್ಪಿಗೆ, ಸುಮ್ಮನೆ ಹಾರಿಹೋದ ಕಾಗೆಗೆ, ಪಕ್ಕದಲ್ಲಿ ಮಂಡಿ ನೀವಿಕೊಳ್ಳುತ್ತಾ ಕೂತಿದ್ದ ಈ ತಾಯಿಗೆ ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ವಿಶಾಲಾಕ್ಷಮ್ಮನ ಕಣ್ಣೂ ಒದ್ದೆಯಾಗಿತ್ತು. ಅವರು ಏಳಲೆಂದು ಕೈ ಚಾಚಿದರು. ಅವನು ಎಂದಿನಂತೆ ಹಿಡಿದುಕೊಂಡ.

ಹೊಂಗೆಮರದ ಕೆಳಗೆ ಎಲ್ಲರೂ ಕಾದಿದ್ದರು. ಅವಲಕ್ಕಿಯನ್ನು ಯಾರೂ ಮುಟ್ಟಿರಲಿಲ್ಲ. ಅವನ ಸರದಿ ಇನ್ನೂ ಮುಗಿದಿರಲಿಲ್ಲವಲ್ಲ.

ಚೆಲುವರಾಜು ಎಲ್ಲರ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ.

“ಆ ಫೋಟೋ ನನಗೆ ಯಾರೂ ಕೊಟ್ಟಿದ್ದಲ್ಲ. ನಾನು ಕಿತ್ಕೊಂಡಿದ್ದು. ಅದಕ್ಕೆ ಕೈಮುಗಿಯಕ್ಕೆ ನನಗೆ ಮುಖ ಇಲ್ಲ” ಎಂದ. “ಆಮೇಲೆ ಆ ತಾಯಿಹಕ್ಕಿ ವಾಪಸ್ ಬಂತು. ಅದು ಕೊಟ್ಟಿದ್ದು. ಅದರ ಫೋಟೋ ನನ್ನ ಹತ್ರ ಇಲ್ಲ.”

ಕೋಡಿಯ ಕಡೆ ತಿರುಗಿ ಅವನು ಕೈಮುಗಿದ. ಫಿಲೋಮಿನಾ ಎದ್ದು ನಿಂತು ತಾನೂ ಕೈಮುಗಿದಳು. ಉಳಿದವರೂ ಎದ್ದರು.

ವಿಶಾಲಾಕ್ಷಮ್ಮ ಚೀಲದಿಂದ ಚಮಚ ತೆಗೆದು ಅವನ ಕೈಗಿಟ್ಟರು. ಮುಳ್ಳು ಗೀರಿದ ಆ ಕೈ ಹಿಂದೆ ಸರಿಯಿತು.

“ಬೇಡ ಅಮ್ಮಾ. ಇಷ್ಟು ಜನ ಇದ್ದಾರೆ. ಇವರಲ್ಲಿ ಯಾರೂ ಹೀಗೆ ಮಾಡಿಲ್ಲ. ನನ್ನಂಥವನಿಗೆ ಯಾಕೆ?”

ಅವರು ಅವನ ಬೆರಳುಗಳನ್ನು ಚಮಚದ ಸುತ್ತ ಒಂದೊಂದಾಗಿ ಮಡಿಸಿದರು.

“ತಪ್ಪು ನನಗೆ ಕಾಣೋದು ಫೋಟೋ ನೋಡಿದ ಮೇಲೆ, ಚೆಲುವರಾಜು. ಇನ್ನು ಮುಂದೆ ನಿನಗೆ ಅದು ಕೊಂಬೆಯ ಕಡೆ ಹೋಗೋ ಯಾರದೇ ಕೈ ನೋಡಿದಾಗಲೇ ಕಾಣುತ್ತೆ.”